ಸುಣ್ಣ ಒಣಗುವ ತನಕ

ನಾನು ಶಾಲೆಗೆ ಹೋದದ್ದು ನಾಲ್ಕನೆಯ ಕ್ಲಾಸಿನವರೆಗೆ. ಮುಂಬಯಿಗೆ ಬಂದ ಮೇಲೆ ಹೋಟೆಲಿನ ಕೆಲಸ ಮುಗಿಸಿ ಒಂದು ವರ್ಷ ರಾತ್ರಿಶಾಲೆಯ ಬೆಂಚಿನಲ್ಲಿ ತೂಕಡಿಸಿದ್ದುಂಟು. ಊರಿಗೆ ಕಾರ್ಡು ಬರೆಯುವಷ್ಟು ಅಕ್ಷರ ಅದರಿಂದ ಗಟ್ಟಿಯಾಯಿತು. ಅಷ್ಟೂ ಬರದೆ ಇದ್ದರೆ ಒಳ್ಳೆಯದಿತ್ತೇನೋ. ಯಾಕೆಂದರೆ ನಾನು ಈಗ ಹೇಳಹೊರಟ ತಪ್ಪು ಶುರುವಾದದ್ದು ಒಂದು ಕಾರ್ಡಿನಿಂದ, ಅದರಲ್ಲಿ ಬರೆದ ಒಂದು ಶಬ್ದದಿಂದ.

ಐವತ್ತರ ದಶಕದ ನಡುವಿನ ಮಾತು. ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ನಾನು ಸಪ್ಲಾಯರ್ ಆಗಿದ್ದೆ. ಮೂರು ವರ್ಷ ಮೇಜುಗಳನ್ನು ಜೋಡಿಸಿಕೊಂಡು ಮಲಗಿದವನಿಗೆ ಕೊನೆಗೆ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಒಂದು ಚಾಪೆಯಗಲದ ಸ್ಥಳ ಸಿಕ್ಕಿತು. ಅಲ್ಲಿ ಎದ್ದು ಕೂತರೆ ತಲೆ ತೊಲೆಗೆ ಬಡಿಯುತ್ತಿತ್ತು. ಆದರೂ ನನ್ನದೇ ಸ್ಥಳ. ಸಂತೋಷದಲ್ಲಿ ಊರಿಗೆ ಬರೆದೆ: ‘ನನಗೆ ಜಾಗೆ ಸಿಕ್ಕಿತು.’

ಮುಂಬಯಿಯಲ್ಲಿ ಜಾಗೆ ಎಂದರೆ ಮೈಚಾಚುವಷ್ಟು ನೆಲ. ನಮ್ಮ ಕುಂದಾಪುರದ ಕಡೆ ಜಾಗೆ ಎಂದರೆ ಮನೆ, ಹಿತ್ತಿಲು, ಬಾವಿ ಎಲ್ಲ ಸೇರಿದ ಆಸ್ತಿ. ಮಗ ಬೊಂಬಾಯಿಯಲ್ಲಿ ಜಾಗೆ ಮಾಡಿದ ಎಂದು ಅಮ್ಮ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಳಂತೆ. ದೊಡ್ಡಣ್ಣ ಮುಂದಿನ ಪತ್ರದಲ್ಲಿ ಬಾವಿ ಉಂಟೋ ಎಂದು ಕೇಳಿದ. ಅದು ಹಾಗಲ್ಲ ಎಂದು ಒಂದು ಸಾಲು ಬರೆದಿದ್ದರೆ ಮುಗಿಯುತ್ತಿತ್ತು. ನಾನು ಬರೆಯಲಿಲ್ಲ. ಅಮ್ಮ ತೀರಿಕೊಳ್ಳುವವರೆಗೂ ಹಾಗೇ ನಂಬಿಕೊಂಡಿದ್ದಳು.

ಅಮ್ಮ ಹೋದ ವರ್ಷದ ಕಾರ್ತಿಕದಲ್ಲಿ ಅಕ್ಕನ ಕಾರ್ಡು ಬಂತು, ಬುಧವಾರ ಬರುತ್ತೇನೆಂದು. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನನ್ನನ್ನು ಸೊಂಟದಲ್ಲಿ ಹೊತ್ತು ಬೆಳೆಸಿದವಳು ಅವಳೇ. ಗಂಡ ತೀರಿಕೊಂಡ ಮೇಲೆ ದೊಡ್ಡಣ್ಣನ ಮನೆಗೆ ಬಂದು ಅಡುಗೆ ನೋಡಿಕೊಂಡಿದ್ದಳು. ಅಮ್ಮ ಇರುವಷ್ಟು ದಿನ ಅದು ಅವಳ ತವರುಮನೆ. ಅಮ್ಮ ಹೋದ ಮೇಲೆ ಅಲ್ಲಿ ಅವಳು ಊಟಕ್ಕೆ ಹಾಕಬೇಕಾದ ಇನ್ನೊಂದು ಎಲೆ, ಅಷ್ಟೆ.

ಬೋರಿಬಂದರಿನಲ್ಲಿ ಅವಳು ರೈಲಿನಿಂದ ಇಳಿದಾಗ ಒಂದು ಟ್ರಂಕು, ಗೋಣಿಯಲ್ಲಿ ಸುತ್ತಿದ ಮೆಟ್ಟುಗತ್ತಿ, ತಾಮ್ರದ ಕೊಡಪಾನ, ಮತ್ತು ತಗಡಿನ ಡಬ್ಬಿಯಲ್ಲಿ ಒಂದು ತುಳಸಿ ಗಿಡ. ಊರು ನೋಡಲು ಬರುವವರು ತರಕಾರಿ ಹೆಚ್ಚುವ ಮೆಟ್ಟುಗತ್ತಿ ತರುವುದಿಲ್ಲ. ಅವಳು ನನ್ನ ಜಾಗೆಯಲ್ಲಿ ಇರಲು ಬಂದಿದ್ದಾಳೆ ಎಂಬುದು ನನಗೆ ಪ್ಲಾಟ್‌ಫಾರ್ಮಿನಲ್ಲೇ ಗೊತ್ತಾಯಿತು. ಗೊತ್ತಾಗದವನ ಹಾಗೆ ಅವಳಿಗೆ ಐದು ದಿನ ಮುಂಬಯಿ ತೋರಿಸಿದೆ.

ಕಾರ್ಡು ಕೈಗೆ ಬಂದ ದಿನವೇ ನಾನು ಸುಳ್ಳನ್ನು ತಯಾರು ಮಾಡಿಟ್ಟಿದ್ದೆ. ಮನೆಗೆ ಸುಣ್ಣ ಹೊಡೆಸುತ್ತಿದ್ದೇನೆ, ಒಣಗುವ ತನಕ ಒಳಗೆ ಕಾಲಿಡುವ ಹಾಗಿಲ್ಲ, ಅಷ್ಟರಲ್ಲಿ ಗಾಡಿಯಲ್ಲಿ ಊರು ಸುತ್ತಿ ಬರೋಣ ಎಂದೆ. ಗಾಡಿ ನಿಜಕ್ಕೂ ಇತ್ತು. ನಮ್ಮ ಹೋಟೆಲಿಗೆ ಚಹಾಕ್ಕೆ ಬರುತ್ತಿದ್ದ ಗೋರೆಗಾಂವದ ಮರಾಠಿಯವನೊಬ್ಬ ಯುದ್ಧಕಾಲದ ಮಿಲಿಟರಿ ಆಂಬ್ಯುಲೆನ್ಸು ಕೊಂಡು, ಒಳಗೆ ಎರಡು ಹಲಗೆಮಂಚ, ಒಂದು ಕಪಾಟು, ಸ್ಟೋವು ಇಡುವ ಕಟ್ಟೆ ಮಾಡಿಸಿ ಸಿನಿಮಾ ಕಂಪನಿಗಳಿಗೆ ಬಾಡಿಗೆಗೆ ಬಿಡುತ್ತಿದ್ದ. ಹೊರಗಡೆ ಶೂಟಿಂಗಿದ್ದಾಗ ನಟಿಯರು ಬಣ್ಣ ಹಚ್ಚಿಕೊಳ್ಳುವುದು, ಸುಧಾರಿಸಿಕೊಳ್ಳುವುದು ಅದರೊಳಗೆ. ಆ ವಾರ ಶೂಟಿಂಗ್ ಇರಲಿಲ್ಲ. ಗಾಡಿಯನ್ನೂ ಕೊಟ್ಟ, ಡ್ರೈವರಾಗಿ ತಾನೂ ಬಂದ. ಹೋಟೆಲಿನ ಅನ್ನ ಮುಟ್ಟದ ಅಕ್ಕ ಒಳಗೇ ಅಡುಗೆ ಮಾಡಿಕೊಳ್ಳಬಹುದು, ಅವಳು ಮಂಚದಲ್ಲಿ ಮಲಗಬಹುದು, ನಾವಿಬ್ಬರು ಗಂಡಸರು ಹೊರಗೆ. ನನ್ನ ಬುದ್ಧಿಗೆ ನಾನೇ ಬೆರಗಾಗಿದ್ದೆ.

ಬೆರಗು ಇಳಿಯಲು ಹತ್ತು ನಿಮಿಷ ಸಾಕಾಯಿತು. ಗಾಡಿಯ ಬಾಗಿಲು ತೆರೆದರೆ ಎದುರಿಗೇ ಆಳೆತ್ತರದ ಕನ್ನಡಿ, ಸುತ್ತ ಬಲ್ಬುಗಳು, ಒಳಗೆಲ್ಲ ಪೌಡರಿನ ವಾಸನೆ. ಗಂಡ ಹೋದ ಮೇಲೆ ಅಕ್ಕ ಕನ್ನಡಿಯ ಮುಂದೆ ನಿಂತವಳಲ್ಲ. ಟ್ರಂಕಿನಿಂದ ಸೀರೆಯೊಂದನ್ನು ತೆಗೆದು ಕನ್ನಡಿಯ ಮೇಲೆ ಹೊದೆಸಿದಳು. ಆಮೇಲೆ ಕಟ್ಟೆ, ಮಂಚ, ನೆಲ ಎಲ್ಲ ತೊಳೆಯಬೇಕು ಅಂದಳು. ತೊಳೆಯಲು ನೀರು ಬೇಕು. ನಲ್ಲಿಯ ನೀರು ಆಗುವುದಿಲ್ಲ, ನಲ್ಲಿಯೊಳಗೆ ಚರ್ಮದ ಬಿಲ್ಲೆ ಇರುತ್ತದಂತೆ. ಬಾವಿ ನೀರೇ ಆಗಬೇಕು.

ಫೋರ್ಟಿನಲ್ಲಿ ಬಾವಿ ಹುಡುಕಿದವರಿಗೆ ಮಾತ್ರ ನನ್ನ ಅವಸ್ಥೆ ಅರ್ಥವಾದೀತು. ಕೋಟೆಯ ಕಾಲದ ಬೀದಿಗಳು, ಗಡಿಯಾರದ ಗೋಪುರ, ಕಮಾನಿನ ಕಚೇರಿಗಳು, ಮ್ಯೂಸಿಯಮ್ಮಿನ ಗುಮ್ಮಟ, ಗೇಟ್‌ವೇ, ಎಲ್ಲದರ ಮುಂದೆಯೂ ಗಾಡಿ ನಿಲ್ಲಿಸಿದೆವು. ಎಲ್ಲ ಕಡೆಯೂ ಅಕ್ಕ ಕೇಳಿದ್ದು ಒಂದೇ, ಇಲ್ಲಿಯವರು ನೀರು ಎಲ್ಲಿಂದ ಸೇದುತ್ತಾರೆ ಎಂದು. ಒಂದು ಬಾವಿ ಸಿಕ್ಕಿತು, ಅದು ಪಾರ್ಸಿಗಳಿಗೆ ಮಾತ್ರ. ಕೊನೆಗೆ ಡ್ರೈವರನಿಗೆ ವಾಲ್ಕೇಶ್ವರದ ಬಾಣಗಂಗಾ ಕೆರೆ ನೆನಪಾಯಿತು. ಮಲಬಾರ್ ಹಿಲ್ಲಿನ ಏರು ಹತ್ತಿ ಹೋದೆವು. ಅಕ್ಕ ಮೆಟ್ಟಿಲಿಳಿದು ಮಿಂದು, ಕೊಡಪಾನ ತುಂಬಿ, ಬೆಳಗಿನಿಂದ ಮೊದಲ ಸಲ ನಕ್ಕಳು. ಪಕ್ಕದ ತೂಗು ತೋಟಕ್ಕೆ ಕರೆದುಕೊಂಡು ಹೋಗಿ, ಪ್ರಾಣಿಗಳ ಆಕಾರಕ್ಕೆ ಕತ್ತರಿಸಿದ ಗಿಡಗಳನ್ನು ತೋರಿಸಿದೆ. ಆನೆಯ ಹಾಗಿದ್ದ ಗಿಡದ ಮುಂದೆ ನಿಂತು ಅಕ್ಕ ಕೇಳಿದಳು:

“ಸುಣ್ಣ ಒಣಗಿತಾ ಮಾಣಿ?”

ನಮ್ಮ ಕಡೆ ಹುಡುಗನನ್ನು ಪ್ರೀತಿಯಿಂದ ಮಾಣಿ ಎನ್ನುತ್ತಾರೆ. ಹೋಟೆಲಿನ ಸಪ್ಲಾಯರನಿಗೂ ಮಾಣಿ ಎಂದೇ ಹೆಸರು. ದಿನವಿಡೀ ಗಿರಾಕಿಗಳ ಬಾಯಲ್ಲಿ ಕೇಳಿ ಕೇಳಿ ನನಗೆ ಆ ಶಬ್ದವೇ ಬೇಡವಾಗಿತ್ತು. ಹೊಡೆದದ್ದು ನಿನ್ನೆ, ಒಂದೇ ದಿನದಲ್ಲಿ ಒಣಗುವುದಿಲ್ಲ ಎಂದು ಗದರಿದೆ.

ಮರುದಿನ ರಾಣಿ ಬಾಗ್, ಇಲ್ಲಿಯ ಮೃಗಾಲಯ. ಸಿನಿಮಾ ಗಾಡಿಯನ್ನು ಗುರುತು ಹಿಡಿಯುವ ಜನ ಈ ಊರಿನಲ್ಲಿ ಎಲ್ಲ ಕಡೆ ಇದ್ದಾರೆ. ಬಾಗಿನ ಗೇಟಿನ ಹತ್ತಿರ ನಿಲ್ಲಿಸಿದ್ದೇ ತಡ, ಐವತ್ತು ಜನ ಸುತ್ತುವರಿದರು. ಯಾವ ನಟಿ, ಯಾವ ಚಿತ್ರ ಎಂದು ಕೇಳುವವರು, ಬಾಗಿಲು ತಟ್ಟುವವರು, ಕಿಟಕಿಯ ಸಂದಿನಲ್ಲಿ ಇಣುಕುವವರು. ಒಳಗೆ ಅಕ್ಕ ಒದ್ದೆ ಸೀರೆಯುಟ್ಟು ಗಂಜಿ ಬೇಯಿಸುತ್ತಿದ್ದಳು. ಇಣುಕಿದವನೊಬ್ಬ, ಒಳಗಿರುವುದು ಹೀರೋಯಿನ್ ಅಲ್ಲ, ತಾಯಿಯ ಪಾರ್ಟಿನವಳು ಎಂದು ಉಳಿದವರಿಗೆ ಹೇಳಿದ. ಆದರೂ ಯಾರೂ ಕದಲಲಿಲ್ಲ. ಹುಲಿ ನೋಡಲು ಬಂದ ನಾವು ಹುಲಿಯನ್ನು ನೋಡದೆ ಹೊರಟೆವು.

ಡ್ರೈವರ್ ಅಕ್ಕನನ್ನು ‘ತಾಈ’ ಎನ್ನುತ್ತಿದ್ದ. ಮರಾಠಿಯಲ್ಲಿ ಅದು ಅಕ್ಕ ಎಂದು. ಅಕ್ಕನ ಕಿವಿಗೆ ಅದು ನಮ್ಮ ತಾಯಿ. ಇಷ್ಟು ದೊಡ್ಡ ಮೀಸೆಯ ಗಂಡಸು, ತನಗಿಂತ ಹತ್ತು ವರ್ಷ ದೊಡ್ಡವನಿರಬಹುದು, ತನ್ನನ್ನು ತಾಯಿ ಅಂತಾನಲ್ಲ ಎಂದು ಮೊದಲ ದಿನ ಅವಳಿಗೆ ಸಿಟ್ಟು ಬಂತು. ಎರಡನೆಯ ದಿನ ಅವನಿಗೆ ಉಪ್ಪಿನಕಾಯಿ ಬಡಿಸಿದಳು. ಅರ್ಥ ಬಿಡಿಸಿ ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಅವಳಿಗೆ ಮರಾಠಿ ಮಾತೆಲ್ಲ ಕನ್ನಡದ ಹಾಗೆ ಕೇಳುತ್ತದೆ ಎಂಬುದನ್ನು ಮಾತ್ರ ಆಗ ಗಮನಿಸಿದೆ.

ಅದೇ ದಿನ ಮಾಹಿಮಿನ ಹತ್ತಿರ ಪೊಲೀಸು ತಡೆದ. ಆಗ ಮುಂಬಯಿಯಲ್ಲಿ ಪಾನನಿಷೇಧ. ನಮ್ಮ ಸ್ಟೋವು ಹೊತ್ತಿಸುವ ಸ್ಪಿರಿಟ್ ಬಾಟಲಿಯನ್ನು ಮೂಸಿ ನೋಡಿದ, ಅದು ಸರಿ ಎಂದ. ಆಮೇಲೆ ಬಟ್ಟೆ ಕಟ್ಟಿದ ತಾಮ್ರದ ಕೊಡಪಾನ ಕಣ್ಣಿಗೆ ಬಿತ್ತು. ಅದರಲ್ಲೇನು ಎಂದು ಕೇಳಿದ. ಕೆರೆಯ ನೀರು ಎಂದೆ. ನಂಬಲಿಲ್ಲ. ನಂಬದಿದ್ದುದು ಅವನ ತಪ್ಪೂ ಅಲ್ಲ, ಸಿನಿಮಾ ಗಾಡಿಯಲ್ಲಿ ಕೆರೆಯ ನೀರು ಯಾರು ಒಯ್ಯುತ್ತಾರೆ? ಅಕ್ಕ ಒಳಗಿನಿಂದ, ಅವನಿಗೆ ಮುಟ್ಟಬೇಡ ಅನ್ನು, ಮುಟ್ಟಬೇಡ ಅನ್ನು ಎಂದು ಹೇಳುತ್ತಲೇ ಇದ್ದಳು. ಅದರಿಂದ ಅವನ ಸಂಶಯ ಹೆಚ್ಚಿ, ಬಟ್ಟೆ ಸರಿಸಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡಿದ. ನಮ್ಮನ್ನು ಬಿಟ್ಟುಬಿಟ್ಟ. ಅಕ್ಕ ಬಿಡಲಿಲ್ಲ. ಕೊಡಪಾನವನ್ನು ರಸ್ತೆಯ ಬದಿಗೆ ಬಗ್ಗಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ತಿರುಗಿ ವಾಲ್ಕೇಶ್ವರಕ್ಕೆ ಹೋಗಬೇಕೆಂದಳು. ಹೋದೆವು. ದಾರಿಯುದ್ದಕ್ಕೂ ತುಳಸಿಯ ಡಬ್ಬಿ ನನ್ನ ತೊಡೆಯ ಮೇಲೆ. ಪ್ರತಿ ತಿರುವಿನಲ್ಲೂ ಕೆಸರುನೀರು ನನ್ನ ಪಂಚೆಗೆ ಚೆಲ್ಲುತ್ತಿತ್ತು. ಉತ್ಥಾನ ದ್ವಾದಶಿಯ ಪೂಜೆಗೆ ಗಿಡ ನೆಲದಲ್ಲಿರಬೇಕು, ಅದಕ್ಕೆ ಮೊದಲು ನಿನ್ನ ಅಂಗಳದಲ್ಲಿ ನೆಡಬೇಕು ಎಂದು ಅಕ್ಕ ಹೇಳಿದಳು. ದ್ವಾದಶಿ ಭಾನುವಾರ. ಅಂಗಳ ಎಲ್ಲಿಂದ ತರಲಿ?

ಮೂರನೆಯ ದಿನ ಗೋರೆಗಾಂವದ ಹಾಲಿನ ಕಾಲೊನಿಯ ಗುಡ್ಡಗಳಲ್ಲಿ ಕಳೆಯಿತು. ಎಮ್ಮೆಗಳನ್ನು ಕಂಡು ಅಕ್ಕನಿಗೆ ಖುಷಿಯಾಯಿತು. ಆದರೆ ಯಾವ ಎಮ್ಮೆಯನ್ನೂ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ ಎಂದು ಬೇಸರಪಟ್ಟಳು. ಸಂಜೆ ತಿರುಗಿ ಸುಣ್ಣದ ಮಾತು. ಕಾರ್ತಿಕದ ಬಿಸಿಲಿಗೆ ಎರಡು ದಿನ ಸಾಕು, ಯಾರ ಹತ್ತಿರ ಹೊಡೆಸಿದೆ, ಎಷ್ಟು ಸಲ ಬಳಿದರು ಎಂದು ಕೇಳಿದಳು. ಮುಂಬಯಿಯ ಗಾಳಿಯಲ್ಲಿ ಉಪ್ಪು ಇರುತ್ತದೆ, ಒಣಗುವುದು ನಿಧಾನ ಎಂದೆ. ಸಮುದ್ರದ ಬದಿಯಲ್ಲೇ ಹುಟ್ಟಿ ಬೆಳೆದವಳು ಅವಳು. ನನ್ನ ಮುಖ ನೋಡಿ, ಅಕ್ಕಿ ತೊಳೆಯಲು ಎದ್ದಳು.

ನಾಲ್ಕನೆಯ ದಿನ ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿ ಗುಹೆಗಳಿಗೆ ಹೊರಟೆವು. ಏರಿನ ಅರ್ಧದಲ್ಲಿ ಗಾಡಿಯ ರೇಡಿಯೇಟರ್ ಕುದಿದು ಹೊಗೆಯೆದ್ದಿತು. ಹತ್ತಿರದಲ್ಲಿ ಹಳ್ಳವಿಲ್ಲ, ಮನೆಯಿಲ್ಲ. ಡ್ರೈವರ್ ಅಕ್ಕನ ಕೊಡಪಾನದ ಕಡೆ ಒಮ್ಮೆ ನೋಡಿ, ಮುಖ ತಿರುಗಿಸಿಕೊಂಡ. ಕೇಳುವ ಧೈರ್ಯ ನನಗೂ ಇರಲಿಲ್ಲ. ಅಕ್ಕ ತಾನೇ ಇಳಿದು ಬಂದು, ಯಾವ ಬಾಯಿಗೆ ಹೊಯ್ಯಬೇಕು ಎಂದು ಕೇಳಿ, ನಮ್ಮನ್ನು ಎರಡು ಸಲ ವಾಲ್ಕೇಶ್ವರಕ್ಕೆ ಹತ್ತಿಸಿದ ಆ ನೀರನ್ನು ಕೊನೆಯ ಹನಿಯವರೆಗೆ ರೇಡಿಯೇಟರಿಗೆ ಹೊಯ್ದಳು. ಬಾಯಾರಿದ್ದಕ್ಕೆ ಮೈಲಿಗೆ ಎಂಥದು ಎಂದಳು. ನನಗೆ ಆ ಕ್ಷಣ ಅವಳ ಮೇಲೆ ಪ್ರೀತಿ ಬರಬೇಕಿತ್ತು. ಬಂದದ್ದು ಸಿಟ್ಟು. ಗಾಡಿಗೆ ಇಷ್ಟು ಸುಲಭವಾಗಿ ಬಿಟ್ಟುಕೊಡುವವಳು ನನ್ನನ್ನು ಯಾಕೆ ಮೂರು ದಿನ ಗೋಳು ಹೊಯ್ದುಕೊಂಡಳು ಎಂದು.

ಗುಹೆಗಳನ್ನು ಅಕ್ಕ ನೋಡಿದ ರೀತಿಯೇ ಬೇರೆ. ದೊಡ್ಡ ಬುದ್ಧನ ಮುಂದೆ ಕೈಮುಗಿದು, ಆಮೇಲೆ ಬಂಡೆಯಲ್ಲಿ ಕೊರೆದ ಸಣ್ಣ ಸಣ್ಣ ಕೋಣೆಗಳನ್ನು ಒಂದೊಂದಾಗಿ ಹೊಕ್ಕು ಬಂದಳು. ಎಲ್ಲದರಲ್ಲೂ ಮಲಗಲು ಕಲ್ಲಿನ ಜಗಲಿ, ಹೊರಗೆ ಮಳೆನೀರು ನಿಲ್ಲಲು ಕಲ್ಲಿನ ತೊಟ್ಟಿ. ಒಂದು ಕೋಣೆಯ ಜಗಲಿಯ ಮೇಲೆ ಕೂತು, ಬೆನ್ನನ್ನು ಗೋಡೆಗೆ ಆನಿಸಿ, ಕಾಲು ನೀಡಿ ಅಳತೆ ನೋಡಿದಳು.

“ಇಷ್ಟೇ ಸಾಕ್ ಮಾಣಿ ಒಂದ್ ಜನಕ್ಕೆ,” ಎಂದಳು. “ಒಂದ್ ಮೂಲೆ, ಒಂದ್ ಒಲೆ. ನಿಂಗೆ ಬೇಯ್ಸಿ ಹಾಕಂಡ್ ಇರ್ತೆ. ಅತ್ತಿಗೆಗೆ ನಾ ಭಾರ ಆಯ್ದೆ. ಅವ್ಳು ಹೇಳೂದಿಲ್ಲೆ, ನಂಗ್ ಕಾಣ್ತ್.”

ಅಕ್ಕ ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಅಕ್ಕಾ, ನನಗೆ ಮನೆಯಿಲ್ಲ, ಅಟ್ಟದಲ್ಲಿ ಒಂದು ಚಾಪೆ ಇದೆ ಅಷ್ಟೆ ಎಂದಿದ್ದರೆ ಅವಳು ಬಹುಶಃ ನಗುತ್ತಿದ್ದಳು. ನಾನು ಹೊತ್ತಾಯಿತು, ಕಾಡಿನಲ್ಲಿ ಚಿರತೆ ಇರುತ್ತದೆ, ಇಳಿಯೋಣ ಎಂದೆ.

ಕೊಡಪಾನ ಖಾಲಿಯಾಗಿತ್ತಲ್ಲ, ನೀರಿಗೆಂದು ಡ್ರೈವರ್ ಗಾಡಿಯನ್ನು ದಹಿಸರಿಗೆ ಬಿಟ್ಟ. ಅಲ್ಲಿ ಹೊಳೆಯ ಹತ್ತಿರದ ವಾಡಿಯೊಂದರಲ್ಲಿ ಒಂದು ಬಾವಿ ಅವನಿಗೆ ಗೊತ್ತಿತ್ತು. ಕಲ್ಲು ಕಟ್ಟಿದ ಬಾವಿ, ರಾಟೆ, ಪಕ್ಕದಲ್ಲಿ ಬಾಳೆ. ಹಿಂದೆ ಹಂಚಿನ ಒಂದು ಉದ್ದನೆಯ ಮನೆ. ಸಗಣಿ ಸಾರಿಸಿದ ಅಂಗಳ ನುಣ್ಣಗೆ ಇತ್ತು. ಮನೆಯ ಮರಾಠಿ ಹೆಂಗಸು ಹೊರಗೆ ಬಂದು, ಅಕ್ಕನ ಒದ್ದೆ ಸೀರೆ, ತುಳಸಿಯ ಡಬ್ಬಿ ನೋಡಿ, ಹಗ್ಗವನ್ನು ತಾನೇ ತೊಳೆದು ಕೊಟ್ಟಳು. ಒಬ್ಬರ ಮಾತು ಒಬ್ಬರಿಗೆ ಬರುವುದಿಲ್ಲ, ಆದರೆ ಅರ್ಧ ಗಂಟೆಯಲ್ಲಿ ಇಬ್ಬರೂ ಬಾವಿಕಟ್ಟೆಯಲ್ಲಿ ಕೂತು ನೆಂಟರ ಹಾಗೆ ಕೈಸನ್ನೆಯಲ್ಲಿ ಮಾತಾಡುತ್ತಿದ್ದರು. ಡ್ರೈವರ್ ನಡುವೆ ಬಾಯಿ ಹಾಕಿ, ಇವರು ಊರಿನಿಂದ ಬಂದಿದ್ದಾರೆ, ತಮ್ಮನ ಜೊತೆ ಇರುವವರು ಎಂದು ಆ ಹೆಂಗಸಿಗೆ ಹೇಳಿ, ಬಾನೆಟ್ ಎತ್ತಲು ಹೋದ. ಆಗ ಅವಳು ಮನೆಯ ಹಿಂಭಾಗಕ್ಕೆ ಕೈತೋರಿಸಿ ನನ್ನನ್ನು ನೋಡಿ ಹೇಳಿದಳು:

“ಮಾಗೆ ಏಕ್ ಖೋಲಿ ರಿಕಾಮಿ ಆಹೆ.”

ಹಿಂದೆ ಒಂದು ಕೋಣೆ ಖಾಲಿ ಇದೆ. ಬೇಕಿದ್ದರೆ ಇರಲಿ, ಹೆಚ್ಚಿನ ಬಾಡಿಗೆಯೇನೂ ಬೇಡ, ತುಳಸಿ ಪೂಜೆ ಮಾಡುವ ಒಬ್ಬ ಹೆಂಗಸು ಅಂಗಳದಲ್ಲಿದ್ದರೆ ತನಗೂ ಜೊತೆ ಎಂದಳು. ನನಗೆ ಪ್ರತಿ ಶಬ್ದವೂ ಅರ್ಥವಾಯಿತು.

ಅಕ್ಕ ನನ್ನ ಕಡೆ ತಿರುಗಿದಳು. “ಎಂತದಾ ಅದು? ಕೋಳಿ ಅಂದ್ಳಲ್ಲ?”

ನಮ್ಮ ಊರಿನ ಮಾತಿನಲ್ಲಿ ಕೋಣೆಗೆ ಖೋಲಿ ಎನ್ನುವುದಿಲ್ಲ. ಅಕ್ಕನ ಕಿವಿಗೆ ಬಿದ್ದದ್ದು ಕೋಳಿ. ನಾನು ಸುಳ್ಳನ್ನು ಕಟ್ಟಬೇಕಾಗಿಯೂ ಇರಲಿಲ್ಲ. ಅದು ತಾನಾಗಿ ಬಂದು ಕೈಯೊಳಗೆ ಕೂತಿತ್ತು.

“ಹೌದು,” ಎಂದೆ. “ಹಿಂದೆ ಕೋಳಿ ಸಾಕಿದ್ದಾರಂತೆ. ಮನೆಯೊಳಗೂ ಓಡಾಡುತ್ತವಂತೆ.”

ಅಕ್ಕ ಬಾವಿಕಟ್ಟೆಯಿಂದ ಎದ್ದಳು. ತಾಈ ಏನಂತಾರೆ ಎಂದು ಆ ಹೆಂಗಸು ನನ್ನನ್ನು ಕೇಳಿದಳು. ಅಕ್ಕನಿಗೆ ಬೇಡವಂತೆ, ನನ್ನ ಮನೆ ಇದೆಯಲ್ಲ ಎಂದೆ. ಒಂದೇ ಉಸಿರಿನಲ್ಲಿ ಇಬ್ಬರು ಹೆಂಗಸರಿಗೂ ಸುಳ್ಳು ಹೇಳಿದ್ದೆ.

ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ದಹಿಸರಿನಿಂದ ಫೋರ್ಟು ದೂರ, ಆಗ ಅಲ್ಲಿಗೆ ಗಾಡಿಗಳು ಕಡಿಮೆ, ನನ್ನದು ಬೆಳಗಿನ ಪಾಳಿ. ಇವೆಲ್ಲ ನಿಜ. ಆದರೆ ಆ ಗಳಿಗೆಯಲ್ಲಿ ಇವು ಯಾವುವೂ ನನ್ನ ತಲೆಯಲ್ಲಿರಲಿಲ್ಲ. ಇದ್ದದ್ದು ನಾಲ್ಕು ದಿನದ ಬೇಸರ. ಪಂಚೆಯ ಕೆಸರು, ಕನ್ನಡಿಯ ಮೇಲಿನ ಸೀರೆ, ಜೀವನವಿಡೀ ಇವಳಿಗಾಗಿ ನೀರು ಹುಡುಕಬೇಕಲ್ಲ ಎಂಬ ಲೆಕ್ಕ. ಬಾವಿ ಎದುರಿಗೇ ಇತ್ತು, ಇನ್ನು ಹುಡುಕುವುದೇ ಬೇಕಿರಲಿಲ್ಲ ಎಂಬುದು ಸಹ ನನಗೆ ಹೊಳೆಯಲಿಲ್ಲ.

ಮರುದಿನ ದ್ವಾದಶಿ. ಹೊಳೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿಕೊಂಡು, ಗಾಡಿಯ ಮೆಟ್ಟಿಲ ಮೇಲೆ ಡಬ್ಬಿ ಇಟ್ಟು, ಮೆಟ್ಟಿಲಿನ ಸುತ್ತ ರಂಗೋಲಿ ಎಳೆದು, ಅಕ್ಕ ತುಳಸಿಗೆ ದೀಪ ಹಚ್ಚಿದಳು. ಡ್ರೈವರ್ ಚಪ್ಪಲಿ ಬಿಟ್ಟು ಕೈಮುಗಿದ. ಪ್ರಸಾದ ಕೊಡುವಾಗ ಅಕ್ಕ ಸುಣ್ಣದ ಮಾತೆತ್ತಲಿಲ್ಲ. ನಾಳೆ ಊರಿನ ಕಡೆಯ ರೈಲು ಎಷ್ಟು ಹೊತ್ತಿಗೆ ಎಂದು ಕೇಳಿದಳು. ಇಷ್ಟು ಬೇಗ ಯಾಕೆ ಎಂದು ಕೇಳಲಿಕ್ಕಾದರೂ ನನಗೆ ಬಾಯಿ ಬರಬೇಕಿತ್ತು. ಹತ್ತು ಗಂಟೆಗೆ ಒಂದು ಇದೆ ಎಂದೆ.

ಬೋರಿಬಂದರಿನಲ್ಲಿ, ಊರಿನ ದಾರಿಯ ಪುಣೆ ರೈಲಿನ ಹೆಂಗಸರ ಡಬ್ಬಿಗೆ ಅವಳನ್ನು ಹತ್ತಿಸಿದೆ. ಟ್ರಂಕು, ಮೆಟ್ಟುಗತ್ತಿ, ಕೊಡಪಾನ ಎಲ್ಲ ಒಳಗೆ ಹೋದವು. ತುಳಸಿಯ ಡಬ್ಬಿಯನ್ನು ಮಾತ್ರ ಅಕ್ಕ ಕಿಟಕಿಯಿಂದ ನನ್ನ ಕೈಗೆ ಕೊಟ್ಟಳು.

“ಇದನ್ನ ಆ ಬಾವಿಮನೆ ಹೆಂಗ್ಸಿಗೆ ಕೊಡ್,” ಎಂದಳು. ಆಮೇಲೆ ಬೈಯುವ ದನಿಯಲ್ಲೂ ಅಲ್ಲ, ಅಳುವ ದನಿಯಲ್ಲೂ ಅಲ್ಲ, ಅಡುಗೆಗೆ ಉಪ್ಪು ಕಡಿಮೆಯಾಗಿದೆ ಎನ್ನುವ ಹಾಗೆ ಹೇಳಿದಳು: “ಕೋಳಿ ಕೆದರಿದ್ ಮಣ್ಣ್ ಎಲ್ಲೂ ಕಾಣ್ಲಿಲ್ಲೆ ಮಾಣಿ. ಕೋಳಿ ಇಪ್ಪು ಅಂಗ್ಳ ಹಾಂಗಿರೂದಿಲ್ಲೆ.”

ಗಾಡಿ ಹೊರಟಿತು. ಅಕ್ಕ ಆಮೇಲೆ ಹತ್ತೊಂಬತ್ತು ವರ್ಷ ದೊಡ್ಡಣ್ಣನ ಮನೆಯ ಅಡುಗೆಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದಳು. ನಾನು ಊರಿಗೆ ಹೋದಾಗಲೆಲ್ಲ ನನಗೆ ಇಷ್ಟವೆಂದು ಪತ್ರೊಡೆ ಮಾಡಿ ಬಡಿಸಿದಳು. ಆ ಐದು ದಿನದ ಮಾತು ಬಂದರೆ ಪೊಲೀಸು ನೀರಿಗೆ ಬೆರಳದ್ದಿದ್ದನ್ನು ಹೇಳಿ ಅತ್ತಿಗೆಯ ಮಕ್ಕಳನ್ನು ನಗಿಸುತ್ತಿದ್ದಳು. ದಹಿಸರಿನ ಹೆಸರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ತುಳಸಿಯ ಡಬ್ಬಿ ಹೋಟೆಲಿನ ಹಿಂಬದಿಯಲ್ಲಿ ಎರಡು ವಾರ ಇತ್ತು. ಪಾತ್ರೆ ತೊಳೆಯುವ ನೀರು ಸಿಡಿದು ಎಲೆ ಹಳದಿಯಾಗತೊಡಗಿದ ಮೇಲೆ ಒಂದು ರಜೆಯ ದಿನ ಅದನ್ನು ಹಿಡಿದುಕೊಂಡು ದಹಿಸರಿಗೆ ಹೋದೆ. ಆ ಹೆಂಗಸು ಗುರುತು ಹಿಡಿದಳು. ತಾಈ ಹೇಗಿದ್ದಾರೆ ಎಂದಳು. ಊರಿಗೆ ಹೋದರು ಎಂದೆ. ಅವಳು ಬಾವಿಯ ಪಕ್ಕ ಮಣ್ಣು ತೋಡಿ ಗಿಡ ನೆಟ್ಟಳು. ನೀರು ಹೊಯ್ದು ಬಂದು, ಆ ಖೋಲಿ ಇನ್ನೂ ಯಾರಿಗೂ ಕೊಟ್ಟಿಲ್ಲ, ಮೊನ್ನೆಯಷ್ಟೇ ಸುಣ್ಣ ಹೊಡೆಸಿದೆ, ನೋಡುತ್ತೀರಾ ಎಂದು ಕೇಳಿದಳು.

ಒಳಗೆ ಹೋದೆ. ಒಂದು ಕಿಟಕಿ, ಒಂದು ಮೂಲೆ, ಮೂಲೆಯಲ್ಲಿ ಒಂದು ಒಲೆ. ಗೋಡೆಗೆ ಅಂಗೈ ಒತ್ತಿ ನೋಡಿದೆ. ಬಿಳಿ ಪುಡಿ ಕೈಗೆ ಹತ್ತಿತು, ತೇವ ಇರಲಿಲ್ಲ. ಮುಂದಿನ ವಾರ ತಿಳಿಸುತ್ತೇನೆ ಎಂದು ಅವಳಿಗೆ ಹೇಳಿ, ಕೈಯನ್ನು ಪಂಚೆಗೆ ಒರಸಿಕೊಂಡು ಸ್ಟೇಷನ್ನಿಗೆ ನಡೆದೆ. ದಾರಿಯಲ್ಲಿ ಅಂಚೆ ಕಚೇರಿ ಇತ್ತು. ಬಾಗಿಲೂ ತೆರೆದಿತ್ತು. ನಾನು ಕಾರ್ಡು ಕೊಳ್ಳಲಿಲ್ಲ.